ನಾಲೆ ಏರಿ, ಬಂಡಿದಾರಿ, ಗೇರ್ ಸೈಕಲ್: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಮೈಸೂರು, ಮಂಡ್ಯ ಸುತ್ತಿನ ಹಳ್ಳಿ ದಾರಿಗಳಲ್ಲಿ ಎಂಟಿಬಿ, ಅಂದರೆ ದಪ್ಪ ಟೈರಿನ ಮೌಂಟನ್ ಬೈಕ್ ತುಳಿಯುವ ಬಗ್ಗೆ ಬರೆದಿದ್ದೆ. ಪತ್ರಗಳು ಸುಮಾರು ಬಂದಿವೆ. ಒಂದೇ ಥರದವನ್ನು ಒಟ್ಟಿಗೆ ಸೇರಿಸಿ ಉತ್ತರ ಕೊಡುತ್ತಿದ್ದೇನೆ. ಇದರಲ್ಲಿ ಒಂದು ಪತ್ರ ರೈತರೊಬ್ಬರದ್ದು. ಭಾನುವಾರ ಸೈಕಲ್ ತಗೊಂಡು ಹಳ್ಳಿ ಕಡೆ ಹೋಗುವವರು ಬೇರೆ ಏನು ಬಿಟ್ಟರೂ ಅದನ್ನು ಬಿಡದೆ ಓದಿ.

ನನಗೆ 46 ವರ್ಷ. ಹೊಸದಾಗಿ ಎಂಟಿಬಿ ತಗೊಂಡಿದ್ದೇನೆ. ಗೆಳೆಯರು ಚಾಮುಂಡಿ ಬೆಟ್ಟ ಹತ್ತು ಅಂತಾರೆ. ನನಗೆ ಅಷ್ಟು ಏರು ಬೇಡ, ಟಾರ್ ರೋಡಿನ ಗಾಡಿಗಳ ಗಲಾಟೆಯೂ ಬೇಡ. ಆರಾಮಾಗಿ ತುಳಿಯೋ ಮಣ್ಣು ದಾರಿ ಹತ್ತಿರದಲ್ಲಿ ಎಲ್ಲಿದೆ?
— ಓದುಗರು, ವಿಜಯನಗರ, ಮೈಸೂರು

ಬೆಟ್ಟ ಬೇಡ ಅಂದರೆ ಬೇಡ, ಅದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ. ಅಮೆರಿಕದ ಐಎಂಬಿಎ ಅನ್ನುವ ಸಂಸ್ಥೆ ಮೌಂಟನ್ ಬೈಕ್ ದಾರಿಗಳನ್ನು ಕಷ್ಟ ನೋಡಿ ವಿಂಗಡಿಸಿದೆ. ಬಿಳಿ ವೃತ್ತ, ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರ, ಹೀಗೆ ಗುರುತುಗಳಿವೆ. ಹಸಿರು ಅಂದರೆ ಸಲೀಸು ದಾರಿ, ಅಲ್ಲಿ ಸರಾಸರಿ ಏರು 100 ಮೀಟರಿಗೆ 5 ಮೀಟರ್ ಮೀರಬಾರದು. ನಮ್ಮ ನಾಲೆ ಏರಿಗಳಲ್ಲಿ ಅಷ್ಟು ಏರೂ ಇರುವುದಿಲ್ಲ, ಯಾಕೆಂದರೆ ನೀರು ತಾನಾಗಿ ಹರಿಯಲಿ ಅಂತ ನಾಲೆಯನ್ನು ಗುಡ್ಡ ದಿಣ್ಣೆ ಬಳಸಿಕೊಂಡು ಬಹಳ ಕಮ್ಮಿ ಇಳಿಜಾರಿನಲ್ಲಿ ತೆಗೆದಿರುತ್ತಾರೆ. ಹೊಸಬರಿಗೆ ಹೇಳಿ ಮಾಡಿಸಿದಂಥ ದಾರಿ.

ನಿಮಗೆ ಹತ್ತಿರ ಅಂದರೆ ಕೆಆರ್‌ಎಸ್ ಹಿನ್ನೀರಿನ ಕಡೆ. ಹುಣಸೂರು ರಸ್ತೆಯಲ್ಲಿ ಇಲವಾಲದವರೆಗೆ ಹೋಗಿ ಬಲಕ್ಕೆ ಹೊರಳಿದರೆ ಊರೂರಿನ ನಡುವೆ ಬಂಡಿದಾರಿಗಳು ಸಿಗುತ್ತವೆ, ಎಷ್ಟೋ ದಾರಿಗಳು ನೀರಿನ ಅಂಚಿನವರೆಗೂ ಹೋಗುತ್ತವೆ. ಬೇಸಿಗೆಯಲ್ಲಿ ನೀರು ಇಳಿದಾಗ ದೊಡ್ಡ ಬಯಲು ತೆರೆದುಕೊಂಡು ಹುಲ್ಲು ಬೆಳೆದು ದನ ಕುರಿ ಮೇಯುತ್ತಿರುತ್ತವೆ, ನೋಡಿದ ತಕ್ಷಣ ಸೈಕಲ್ ಇಳಿಸೋಣ ಅನ್ನಿಸುತ್ತದೆ. ಒಂದು ವಿಷಯ ಗಮನದಲ್ಲಿರಲಿ. ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಒಳಗೆ ಹೂಳು ಹಸಿಯಾಗಿರಬಹುದು. ದನದ ಹೆಜ್ಜೆ ನೋಡಿ. ಗೊರಸಿನ ಅಚ್ಚು ಮಾತ್ರ ಬಿದ್ದಿದ್ದರೆ ನೆಲ ಗಟ್ಟಿ ಇದೆ, ಹೋಗಬಹುದು. ಹೆಜ್ಜೆ ಗೇಣುದ್ದ ಹೂತಿದ್ದರೆ ಅಲ್ಲಿಂದಲೇ ವಾಪಸ್ ತಿರುಗಿ.

ಇನ್ನೊಂದು ಶ್ರೀರಂಗಪಟ್ಟಣ. ಎರಡು ಕವಲು ಕಾವೇರಿ ನಡುವಿನ ದ್ವೀಪ ಅಲ್ವಾ, ಹೆಚ್ಚುಕಮ್ಮಿ ಸಮತಟ್ಟು. ಕೋಟೆಯಿಂದ ಗಂಜಾಂ, ಗುಂಬಜ್ ಹಾದು ಸಂಗಮದವರೆಗೆ ಹೋಗಿ ಬಂದರೆ ಮೊದಲ ಭಾನುವಾರಕ್ಕೆ ಸಾಕು. ರೂಢಿಯಾದ ಮೇಲೆ ಹೊಳೆ ದಾಟಿ ಕರಿಘಟ್ಟದ ಬುಡಕ್ಕೆ, ಲೋಕಪಾವನಿ ಕಡೆಗೆ ಹೋಗಿ. ಆ ತಾಲ್ಲೂಕಿನ ಸಿಡಿಎಸ್ (ಚಿಕ್ಕದೇವರಾಯ ಸಾಗರ) ನಾಲೆ, ವಿರಿಜಾ ನಾಲೆ ಎರಡೂ ಕನ್ನಂಬಾಡಿ ಕಟ್ಟೆ ಕಟ್ಟುವ ಮುಂಚಿನವು. ಏರಿ ಮೇಲೆ ಹೊರಟರೆ ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ ತೆಂಗು. ಬೆಳಿಗ್ಗೆ ಏಳು ಗಂಟೆಗೆ ಅಲ್ಲಿ ಒಂದು ಸಲ ಹೋದವರು ಮತ್ತೆ ಹೋಗದೆ ಇರುವುದಿಲ್ಲ.

ಚಾಮುಂಡಿ ಬೆಟ್ಟದ ಕಾಡಿನೊಳಗೆ ಕಾಣುವ ಕಾಲುದಾರಿಗಳಿಗೆ ಮಾತ್ರ ಸೈಕಲ್ ಇಳಿಸಬೇಡಿ. ಅದು ಮೀಸಲು ಅರಣ್ಯ. ಮೆಟ್ಟಿಲ ಮೇಲಂತೂ ಬೇಡವೇ ಬೇಡ, ಜನ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಜಾಗ ಅದು.

ನಮ್ಮ ಮನೇಲಿರೋದು ಅಕ್ಕನಿಗೆ ಎಂಟನೇ ಕ್ಲಾಸಲ್ಲಿ ಸರ್ಕಾರದಿಂದ ಬಂದ ಸೈಕಲ್. ಗೇರ್ ಇಲ್ಲ, ಶಾಕ್ ಅಬ್ಸಾರ್ಬರ್ ಇಲ್ಲ. ಇದರಲ್ಲಿ ನಾಲೆ ಏರಿ ಮೇಲೆ ಹೋದರೆ ಮೌಂಟನ್ ಬೈಕಿಂಗ್ ಆಗುತ್ತಾ? ಫ್ರೆಂಡ್ಸ್ ನಗ್ತಾರೆ.
— ಪಿಯುಸಿ ವಿದ್ಯಾರ್ಥಿ, ಮಂಡ್ಯ

ಆಗುತ್ತೆ ತಮ್ಮಾ, ಖಂಡಿತ ಆಗುತ್ತೆ. ನಗುವವರಿಗೆ ಈ ಕಥೆ ಹೇಳು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಮೌಂಟ್ ಟಮಲ್ಪಾಯಸ್ ಬೆಟ್ಟದ ಮಣ್ಣು ದಾರಿಗಳಲ್ಲಿ ಒಂದಷ್ಟು ಹುಡುಗರು ಸೈಕಲ್ ಇಳಿಸಲು ಶುರು ಮಾಡಿದರು. ಅವರ ಹತ್ತಿರ ಇದ್ದದ್ದು ಹಳೇ ಕಾಲದ ಭಾರದ ಸೈಕಲ್‌ಗಳು. ದಪ್ಪ ಟೈರು, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು, ಹೆಚ್ಚಿನವಕ್ಕೆ ಗೇರೂ ಇಲ್ಲ. 1976ರಲ್ಲಿ ಒಂದು ಕಡಿದಾದ ಇಳಿಜಾರಿನಲ್ಲಿ ಪಂದ್ಯ ಇಟ್ಟುಕೊಂಡರು. ಕೆಳಗೆ ಬರುವ ಹೊತ್ತಿಗೆ ಹಿಂದಿನ ಚಕ್ರದ ಹಬ್‌ನ, ಅಂದರೆ ನಡುಗುಂಬದ, ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು, ಬಿಚ್ಚಿ ಹೊಸ ಗ್ರೀಸು ತುಂಬಿದರೇ ಮುಂದಿನ ಸಲಕ್ಕೆ ಸೈಕಲ್ ತಯಾರು. ಇದಕ್ಕೇ ಅಂತ ಹೊಸ ಫ್ರೇಮ್ ಕಟ್ಟಿದ್ದು ಆಮೇಲೆ, 1977ರ ಸುಮಾರಿಗೆ, ಅವರ ಗುಂಪಿನ ಜೋ ಬ್ರೀಜ್. ಅಲ್ಲಿಂದ ಇಪ್ಪತ್ತು ವರ್ಷದೊಳಗೆ, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮೌಂಟನ್ ಬೈಕ್ ಸ್ಪರ್ಧೆ ಇತ್ತು. ಶುರುವಾದದ್ದು ನಿನ್ನ ಸೈಕಲ್‌ಗಿಂತ ಹಳೇ ಸೈಕಲ್‌ಗಳಲ್ಲಿ.

ಹೊರಡುವ ಮುಂಚೆ ಸೈಕಲ್ ಶಾಪಿನಲ್ಲಿ ಎರಡೂ ಬ್ರೇಕಿನ ರಬ್ಬರ್ ನೋಡಿಸು, ಸವೆದಿದ್ದರೆ ಬದಲಾಯಿಸು. ಚೈನು ಸಡಿಲ ಇದ್ದರೆ ಬಿಗಿ ಮಾಡಿಸಿ ಎಣ್ಣೆ ಬಿಡಿಸು. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಮೀಟಿ ನೋಡು, ಸಡಿಲ ಇರುವುದು ಗೊತ್ತಾಗುತ್ತೆ. ಸೀಟು ನಿನ್ನ ಎತ್ತರಕ್ಕೆ ಏರಿಸಿಕೋ. ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲೆ ಇಟ್ಟಾಗ ಕಾಲು ನೆಟ್ಟಗಾಗಬೇಕು, ಆಗ ಪಾದದ ಮುಂಭಾಗದಲ್ಲಿ ತುಳಿಯುವಾಗ ಮಂಡಿ ಸ್ವಲ್ಪವೇ ಮಡಿಸಿರುತ್ತೆ. ಇಷ್ಟು ಮಾಡಿದರೆ ಮಂಡಿ ನೋವೂ ಬರಲ್ಲ. ಏರು ಬಂದರೆ ಇಳಿದು ತಳ್ಳು. ಕಲ್ಲುಕಲ್ಲಿನ ಇಳಿಜಾರಿಗೆ ಆ ಸೈಕಲ್ ಬೇಡ, ಮಣ್ಣಿನ ಸಮತಟ್ಟು ದಾರಿಗೆ ಧಾರಾಳ.

ಅಂಗಡಿಯವರು ಮುಂದೆ ಹಿಂದೆ ಎರಡೂ ಕಡೆ ಶಾಕ್ ಇರುವ ಸೈಕಲ್ ತಗೊಳ್ಳಿ ಅಂತಿದ್ದಾರೆ. ನನ್ನ ಹತ್ತಿರ ಇರೋದು 20 ಸಾವಿರ. ಬಳಸೋದು ವಾರಕ್ಕೊಮ್ಮೆ, ಹಳ್ಳಿ ದಾರಿಯಲ್ಲಿ.
— ಶಿಕ್ಷಕಿ, ಕುವೆಂಪುನಗರ, ಮೈಸೂರು

ಬೇಡಿ ಮೇಡಂ. ಹಿಂದಿನ ಶಾಕ್ ಚೆನ್ನಾಗಿ ಕೆಲಸ ಮಾಡಬೇಕಾದರೆ ಒಳ್ಳೆಯ ಬಿಡಿಭಾಗಗಳು ಬೇಕು, ಅದು ನಿಮ್ಮ ದುಡ್ಡಿಗೆ ಬರುವುದಿಲ್ಲ. ಆ ದುಡ್ಡಿಗೆ ಬರುವುದರಲ್ಲಿ ಬರೀ ಭಾರವಾದ ಸ್ಪ್ರಿಂಗು ಇರುತ್ತದೆ. ನೀವು ತುಳಿದ ಶಕ್ತಿಯಲ್ಲಿ ಒಂದು ಪಾಲು ಸೈಕಲ್ಲನ್ನು ಮೇಲೆ ಕೆಳಗೆ ಕುಣಿಸುವುದಕ್ಕೇ ಹೋಗುತ್ತದೆ. ಮುಂದೆ ಮಾತ್ರ ಶಾಕ್ ಇರುವ, ಅಲ್ಯೂಮಿನಿಯಂ ಫ್ರೇಮಿನ ಸೈಕಲ್ ತಗೊಳ್ಳಿ, ಇದಕ್ಕೆ ಹಾರ್ಡ್‌ಟೇಲ್ ಅಂತಾರೆ. ಡಿಸ್ಕ್ ಬ್ರೇಕ್ ಇದ್ದರೆ ಮಳೆಗಾಲದ ಕೆಸರಲ್ಲೂ ಹಿಡಿಯುತ್ತದೆ. ಟೈರು ಎರಡು ಇಂಚಿನ ಆಸುಪಾಸು ಅಗಲ ಇರಲಿ. ಗೇರ್ 21 ಇದೆ, 24 ಇದೆ ಅಂತ ಲೆಕ್ಕ ತೋರಿಸಿದರೆ ಅದಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ಏರು ಹತ್ತಲು ಹಗುರ ಗೇರ್ ಒಂದಿದ್ದು ಅದು ಸಲೀಸಾಗಿ ಬೀಳುತ್ತಾ ಅನ್ನುವುದಷ್ಟೇ ಮುಖ್ಯ.

ಎಲ್ಲಕ್ಕಿಂತ ದೊಡ್ಡದು ಅಳತೆ. ಬಣ್ಣ ಚೆನ್ನಾಗಿದೆ, ಆಫರ್ ಇದೆ ಅಂತ ದೊಡ್ಡ ಫ್ರೇಮ್ ತಗೊಂಡು ಬೆನ್ನು ನೋವು ಅಂತ ಮೂಲೆಗಿಡುವವರೇ ಜಾಸ್ತಿ. ಅಂಗಡಿಯಲ್ಲೇ ಸೈಕಲ್ಲಿನ ಮೇಲಿನ ಕಂಬಿಯ ಎರಡೂ ಕಡೆ ಕಾಲಿಟ್ಟು ನಿಲ್ಲಿ. ಪಾದ ಪೂರ್ತಿ ನೆಲಕ್ಕೆ ಊರಿದಾಗ ಕಂಬಿಗೂ ನಿಮಗೂ ನಡುವೆ ಎರಡು ಇಂಚಾದರೂ ಬಿಡುವು ಇರಬೇಕು. ಬೀದಿಯಲ್ಲಿ ಒಂದು ಸುತ್ತು ಹೊಡೆದು ನೋಡಲು ಬಿಡದ ಅಂಗಡಿಯಲ್ಲಿ ತಗೊಳ್ಳಬೇಡಿ. ಹೆಲ್ಮೆಟ್‌ಗೆ ಮೊದಲೇ ದುಡ್ಡು ಎತ್ತಿಡಿ. ಅದು ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಹಿಂದಕ್ಕೆ ಜಾರಿಸಿ ಹಾಕಿಕೊಂಡರೆ ಹಣೆಗೆ ರಕ್ಷಣೆ ಇಲ್ಲ.

ಪ್ರತಿ ವಾರ ಪಂಕ್ಚರ್! ಒಂದು ತೂತು ಮುಚ್ಚಿದರೆ ಸಂಜೆಗೆ ಮತ್ತೆ ಗಾಳಿ ಇಳಿದಿರುತ್ತೆ. ಟೈರ್ ಕಂಪನಿ ಬದಲಾಯಿಸಲಾ?
— ಓದುಗರು, ಪಾಂಡವಪುರ

ಟೈರಿನ ತಪ್ಪಲ್ಲ, ನಿಮ್ಮ ದಾರಿಯಲ್ಲಿ ನೆಗ್ಗಿಲು ಮುಳ್ಳು ಇರಬೇಕು. ನೆಲಕ್ಕೆ ಅಂಟಿಕೊಂಡು ಹಬ್ಬುವ ಬಳ್ಳಿ, ಸಣ್ಣ ಹಳದಿ ಹೂ. ಬಂಡಿದಾರಿಯ ನಡುವಿನ ದಿಂಡಿನಲ್ಲೂ ಕೆರೆ ಅಂಗಳದಲ್ಲೂ ಚೆನ್ನಾಗಿ ಬೆಳೆಯುತ್ತದೆ. ಇದರ ಕಾಯಿ ಒಣಗಿದ ಮೇಲೆ ಐದು ಹೋಳಾಗಿ ಉದುರುತ್ತದೆ, ಒಂದೊಂದು ಹೋಳಿಗೂ ಎರಡು ಉದ್ದನೆಯ ಗಟ್ಟಿ ಮುಳ್ಳು. ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ನಿಂತಿರುತ್ತದೆ. ಟೈರು ಹತ್ತಿದ ತಕ್ಷಣ ಗಾಳಿ ಪೂರ್ತಿ ಇಳಿಯುವುದಿಲ್ಲ, ಮುಳ್ಳೇ ಬಿರಡೆ ಥರ ತೂತು ಮುಚ್ಚಿಕೊಂಡಿರುತ್ತದೆ. ಮನೆಗೆ ಬಂದು ನಿಲ್ಲಿಸಿದ ಮೇಲೆ ನಿಧಾನಕ್ಕೆ ಇಳಿಯುತ್ತದೆ.

ನಿಮಗೆ ಸಂಜೆಗೆ ಮತ್ತೆ ಇಳಿಯುವುದು ಯಾಕೆ ಅಂದರೆ ಟ್ಯೂಬಿಗೆ ಪ್ಯಾಚ್ ಹಾಕಿದ್ದೀರಿ, ಮುಳ್ಳಿನ ಮೊನೆ ಟೈರಿನಲ್ಲೇ ಉಳಿದಿದೆ. ಟ್ಯೂಬು ತೆಗೆದ ಮೇಲೆ ಟೈರಿನ ಒಳಮೈಯನ್ನು ಒಂದು ಹಳೇ ಬಟ್ಟೆಯಿಂದ ನಿಧಾನವಾಗಿ ಸುತ್ತಲೂ ಒರೆಸಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಬರಿ ಬೆರಳು ಆಡಿಸಬೇಡಿ, ಚುಚ್ಚುತ್ತದೆ. ಹೊರಗಿನಿಂದಲೂ ಬೆಳಕಿಗೆ ಹಿಡಿದು ನೋಡಿ, ಬುಡ ಮುರಿದ ಮುಳ್ಳು ಕಂದು ಚುಕ್ಕಿಯ ಹಾಗೆ ಕಾಣುತ್ತದೆ. ಇಕ್ಕಳದಿಂದ ಕಿತ್ತು ಹಾಕಿ. ಟ್ಯೂಬನ್ನು ಬಕೆಟ್ ನೀರಿನಲ್ಲಿ ಪೂರ್ತಿ ಒಂದು ಸುತ್ತು ಅದ್ದಿ, ಒಂದು ತೂತು ಸಿಕ್ಕಿತು ಅಂತ ನಿಲ್ಲಿಸಬೇಡಿ, ನೆಗ್ಗಿಲು ಒಂದೇ ಕಡೆ ಚುಚ್ಚಿ ಬಿಡುವುದು ಕಮ್ಮಿ. ಪ್ಯಾಚ್ ಹಾಕುವ ಜಾಗ ಉಜ್ಜಿ, ಸಲ್ಯೂಷನ್ ಹಚ್ಚಿ, ಅದು ಒಣಗಿ ಮಂಕಾಗುವವರೆಗೆ ಕಾಯ್ದು ಆಮೇಲೆ ಪ್ಯಾಚ್ ಒತ್ತಿ.

ಇದು ಸಾಕಪ್ಪಾ ಅನ್ನಿಸಿದರೆ ಟ್ಯೂಬಿನೊಳಗೆ ಸೀಲೆಂಟ್ ಅನ್ನುವ ದ್ರವ ಹಾಕಿಸಬಹುದು, ಸಣ್ಣ ತೂತನ್ನು ಅದೇ ಮುಚ್ಚುತ್ತದೆ. ಟೈರು, ರಿಮ್ಮು ಒಪ್ಪಿದರೆ ಟ್ಯೂಬ್‌ಲೆಸ್ ಇನ್ನೂ ಒಳ್ಳೆಯದು. ಗಾಳಿ ಜಾಸ್ತಿ ತುಂಬಿಸುವುದು ಪರಿಹಾರ ಅಲ್ಲ. ಕಲ್ಲಿನ ಹಾಗೆ ಗಟ್ಟಿ ಮಾಡಿದರೆ ಮಣ್ಣಿನಲ್ಲಿ ಹಿಡಿತ ಹೋಗುತ್ತದೆ, ಕೈ ಬೆನ್ನು ಎಲ್ಲ ಅದುರುತ್ತದೆ. 65–70 ಕೆ.ಜಿ. ತೂಕದವರಿಗೆ, ಎರಡು ಇಂಚು ದಾಟಿದ ಟೈರಿಗೆ, ಮಣ್ಣು ದಾರಿಯಲ್ಲಿ 30ರಿಂದ 35 ಪಿಎಸ್ಐ ಗಾಳಿ ಒತ್ತಡ ಚೆನ್ನಾಗಿರುತ್ತದೆ. ಟೈರಿನ ಪಕ್ಕದಲ್ಲಿ ಬರೆದಿರುವ ಮಿತಿ ಒಮ್ಮೆ ನೋಡಿಕೊಳ್ಳಿ. ತೂಕ ಜಾಸ್ತಿ ಇದ್ದರೆ ಸ್ವಲ್ಪ ಏರಿಸಿ, ಇಲ್ಲದಿದ್ದರೆ ಕಲ್ಲು ಸಿಕ್ಕಾಗ ರಿಮ್ಮು ಟ್ಯೂಬನ್ನು ಕಚ್ಚಿ ಎರಡು ತೂತು ಮಾಡುತ್ತದೆ.

ಮಗಳಿಗೆ 12 ವರ್ಷ. ಊರ ಪಕ್ಕ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಇದೆ, ಅದರ ಏರಿ ಮೇಲೆ ಸೈಕಲ್ ಕಲಿಯಲು ಬಿಡಬಹುದಾ?
— ತಾಯಿ, ಮಂಡ್ಯ ತಾಲ್ಲೂಕು

ಬೇಡಿ ಅಕ್ಕಾ. ದೊಡ್ಡವರಿಗೆ ನಾಲೆ ಏರಿ ಒಳ್ಳೆಯದು ಅಂತ ಮೇಲೆ ಬರೆದಿದ್ದೇನೆ, ಮಕ್ಕಳಿಗೆ ಆ ಮಾತು ಅನ್ವಯಿಸುವುದಿಲ್ಲ. ಬಹಳ ಕಡೆ ತಡೆಗೋಡೆ ಇಲ್ಲ. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ತೀರಿಕೊಂಡದ್ದನ್ನು ನಮ್ಮ ಕಡೆ ಯಾರೂ ಮರೆತಿಲ್ಲ. ಕಾಂಕ್ರೀಟ್ ಹಾಕಿದ ನಾಲೆಯ ಒಳಮೈ ಇಳಿಜಾರು, ಪಾಚಿ ಕಟ್ಟಿ ಜಾರುತ್ತದೆ, ಈಜು ಬಂದವರಿಗೂ ಹತ್ತಿ ಬರಲು ಹಿಡಿ ಸಿಗುವುದಿಲ್ಲ. ಮಗಳು ಶಾಲೆ ಮೈದಾನದಲ್ಲಿ ಕಲಿಯಲಿ, ಆಮೇಲೆ ಹೊಲದ ನಡುವಿನ ಬಂಡಿದಾರಿಗೆ ಕರಕೊಂಡು ಹೋಗಿ. ಬಂಡಿ ಚಕ್ರದ ಜಾಡಿನಲ್ಲಿ ನೆಟ್ಟಗೆ ಹೋಗುವುದು, ಒಂದು ಜಾಡಿನಿಂದ ಇನ್ನೊಂದಕ್ಕೆ ದಾಟುವುದು, ನಿಂತ ಜಾಗದಲ್ಲೇ ತಿರುಗಿಸುವುದು, ಇಷ್ಟು ಬಂದರೆ ಅರ್ಧ ಕಲಿತಂತೆ.

ದೊಡ್ಡವರು ನಾಲೆ ಏರಿ ಮೇಲೆ ಹೋಗುವಾಗಲೂ ಹೊಲದ ಪಕ್ಕಕ್ಕೇ ಇರಿ. ಕಬ್ಬು ತುಂಬಿದ ಟ್ರ್ಯಾಕ್ಟರ್ ಎದುರು ಬಂದರೆ ಪಕ್ಕದಲ್ಲಿ ನುಸುಳಲು ಹೋಗದೆ, ಸೈಕಲ್ ಇಳಿದು ಅಗಲ ಇರುವ ಕಡೆ ನಿಂತು ಬಿಡಿ. ಕತ್ತಲಾಗುವ ಮುಂಚೆ ಮನೆ ಸೇರಿ, ನಮ್ಮ ಕಬ್ಬಿನ ಗದ್ದೆಗಳಲ್ಲಿ ಚಿರತೆ ಕಾಣಿಸಿಕೊಳ್ಳುವುದು ಹೊಸದೇನಲ್ಲ. ಊರಿನವರು ಈ ಕಡೆ ಬೇಡ ಅಂದರೆ ಕಾರಣ ಕೇಳದೆ ವಾಪಸ್ ಬನ್ನಿ.

ಏರು ಹತ್ತುತ್ತೇನೆ, ಇಳಿಜಾರು ಕಂಡರೆ ಕೈ ನಡುಗುತ್ತೆ. ಜಲ್ಲಿಯಲ್ಲಿ ಬ್ರೇಕ್ ಹಿಡಿದರೆ ಜಾರುತ್ತೆ.
— ಓದುಗರು, ಮೇಲುಕೋಟೆ

ಇಳಿಯುವ ಮುಂಚೆಯೇ ವೇಗ ತಗ್ಗಿಸಿ. ಎರಡೂ ಪೆಡಲ್ ಒಂದೇ ಮಟ್ಟಕ್ಕೆ ತಂದು, ಸೀಟಿನಿಂದ ಸ್ವಲ್ಪ ಎದ್ದು, ಮೈಯನ್ನು ಹಿಂದಕ್ಕೆ ತಗೊಳ್ಳಿ. ಮೊಣಕೈ ಮಂಡಿ ಎರಡೂ ಸಡಿಲ ಇರಲಿ. ಬ್ರೇಕಿಗೆ ಒಂದೊಂದು ಬೆರಳು ಸಾಕು, ಎರಡನ್ನೂ ಒಟ್ಟಿಗೆ ಮೆಲ್ಲಗೆ ಒತ್ತುತ್ತಾ ಹೋಗಿ. ಗಾಡಿಯನ್ನು ಜಾಸ್ತಿ ನಿಲ್ಲಿಸುವುದು ಮುಂದಿನ ಬ್ರೇಕು, ಆದರೆ ಜಲ್ಲಿ ತಿರುವಿನಲ್ಲಿ ಅದನ್ನೇ ಗಬಕ್ಕನೆ ಹಿಡಿದರೆ ಮುಂದಿನ ಚಕ್ರ ಜಾರಿ ನೀವು ನೆಲದ ಮೇಲೆ. ದಾರಿ ನೆಟ್ಟಗಿರುವ ಕಡೆ ಬ್ರೇಕು ಹಿಡಿದು ಮುಗಿಸಿ, ತಿರುವಿನಲ್ಲಿ ಬಿಡಿ. ಕಣ್ಣು ಕಲ್ಲಿನ ಮೇಲೆ ಬೇಡ, ಕಲ್ಲಿನ ಪಕ್ಕದ ದಾರಿ ಮೇಲೆ ಇರಲಿ. ಎಲ್ಲಿ ನೋಡುತ್ತೀರೋ ಸೈಕಲ್ ಅಲ್ಲಿಗೇ ಹೋಗುತ್ತದೆ. ಒಂದೇ ಸಣ್ಣ ಇಳಿಜಾರನ್ನು ಮತ್ತೆ ಮತ್ತೆ ಇಳಿಯಿರಿ, ದೊಡ್ಡದಕ್ಕೆ ಆತುರ ಬೇಡ.

ನಮ್ದು ನಾಲೆ ಪಕ್ಕ ಒಂದೂವರೆ ಎಕರೆ ಗದ್ದೆ. ಭಾನುವಾರ ಆಯ್ತು ಅಂದ್ರೆ ಟೌನ್‌ನಿಂದ ಸೈಕಲ್‌ನೋರು ಬಂದು ಬದು ಮೇಲೇ ಹೊಡ್ಕೊಂಡು ಹೋಗ್ತಾರೆ. ಬದು ಕುಸೀತದೆ, ದನ ಬೆದರ್ತವೆ. ಕೇಳಿದ್ರೆ ಇದು ದಾರಿ ಅಲ್ವಾ ಅಂತಾರೆ. ನೀವು ಬರ್ದಿದ್ದು ಓದಿ ಇನ್ನೂ ಜನ ಬಂದ್ರೆ ಏನ್ ಮಾಡದು?
— ರೈತರು, ಶ್ರೀರಂಗಪಟ್ಟಣ ತಾಲ್ಲೂಕು

ಯಜಮಾನ್ರೇ, ನೀವು ಕೇಳಿದ್ದು ನ್ಯಾಯವಾಗಿದೆ. ಬದು ದಾರಿ ಅಲ್ಲ. ಸೈಕಲ್ ತುಳಿಯುವ ಓದುಗರಿಗೆ ಇದನ್ನು ಬಿಡಿಸಿ ಹೇಳುತ್ತೇನೆ. ಗದ್ದೆ ಬದುವನ್ನು ಪ್ರತಿ ಬೆಳೆಗೂ ಕಡಿದು, ಹಸಿ ಕೆಸರು ಬಳಿದು ಸರಿ ಮಾಡುತ್ತಾರೆ. ಗದ್ದೆಯಲ್ಲಿ ನೀರು ನಿಲ್ಲಿಸುವುದು ಅದೊಂದೇ. ಕಾಲಲ್ಲಿ ನಡೆದರೆ ಪಾದ ಅಗಲ, ಭಾರ ಹಂಚಿಹೋಗುತ್ತದೆ. ಸೈಕಲ್ ಟೈರು ಹಸಿ ಬದುವಿನ ಮೇಲೆ ಉದ್ದಕ್ಕೂ ಒಂದು ಗೆರೆ ಕೊರೆಯುತ್ತದೆ, ಆ ಗೆರೆಯಲ್ಲಿ ನೀರು ಇಳಿದು ರಾತ್ರಿ ಬೆಳಗಾಗುವುದರೊಳಗೆ ಬದು ಒಡೆಯುತ್ತದೆ, ಮೇಲಿನ ಗದ್ದೆ ಒಣಗಿ ಕೆಳಗಿನ ಪೈರು ಮುಳುಗುತ್ತದೆ. ನಾಲೆಯಲ್ಲಿ ಸರದಿ ಮೇಲೆ ನೀರು ಬಿಡುವಾಗ ಹಾಗೆ ಹೋದ ನೀರು ಮತ್ತೆ ಸಿಗಬೇಕಾದರೆ ಮುಂದಿನ ಸರದಿವರೆಗೆ ಕಾಯಬೇಕು. ನಮಗೆ ಅರ್ಧ ನಿಮಿಷದ ಖುಷಿ, ಅವರಿಗೆ ಒಂದು ದಿನದ ಕೆಲಸ ಮತ್ತು ನೀರು.

ಹಾಗಾಗಿ ಬಂಡಿಯೋ ಟ್ರ್ಯಾಕ್ಟರೋ ಓಡಾಡಿದ ಜಾಡು ಕಾಣುವ ಕಡೆ ಮಾತ್ರ ಸೈಕಲ್ ಹೋಗಲಿ. ಬರೀ ಹೆಜ್ಜೆ ಗುರುತು ಇದ್ದರೆ ಸೈಕಲ್ ನಿಲ್ಲಿಸಿ, ಯಾರಾದರೂ ಕಂಡರೆ "ಅಣ್ಣಾ, ಈ ಕಡೆ ಹೋಗಬಹುದಾ" ಅಂತ ಕೇಳಿ. ಯಾರೂ ಇಲ್ಲದಿದ್ದರೆ ಬೇರೆ ದಾರಿ ಹಿಡಿಯಿರಿ. ದನ ಎದುರು ಬಂದರೆ ಬೆಲ್ ಹೊಡೆಯಬೇಡಿ, ಇಳಿದು ಒಂದು ಪಕ್ಕ ನಿಂತು ಮಾತಾಡಿಸಿ. ಮನುಷ್ಯರ ದನಿ ಕೇಳಿದರೆ ದನ ಬೆದರುವುದು ಕಮ್ಮಿ, ಸದ್ದಿಲ್ಲದೆ ಹಿಂದಿನಿಂದ ಬರುವ ಸೈಕಲ್ಲಿಗೇ ಅವು ಜಾಸ್ತಿ ಹೆದರುವುದು. ಎಳನೀರು ಕುಡಿದರೆ ಆ ಊರಿನಲ್ಲೇ ಕುಡಿಯಿರಿ, ಬುರುಡೆ ಎಲ್ಲಿ ಹಾಕಬೇಕು ಅಂತ ಕೇಳಿ ಹಾಕಿ.

ಸುಗ್ಗಿ ಕಾಲದಲ್ಲಿ ಇನ್ನೊಂದು. ಹುರುಳಿ, ರಾಗಿ ಒಕ್ಕಲು ರಸ್ತೆ ಮೇಲೆ ಹರಡಿದ್ದರೆ ಅದರ ಮೇಲೆ ಗೇರ್ ಸೈಕಲ್ ಬೇಡ. ಕಾಳು ಹಾಳಾಗುತ್ತೆ ಅಂತ ಅಲ್ಲ, ಗಾಡಿ ಓಡಾಡಲಿ ಅಂತಲೇ ಹರಡಿರುತ್ತಾರೆ. ಹುರುಳಿ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡು, ತುಳಿದಷ್ಟೂ ಬಿಗಿದು, ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಡಿರೇಲರನ್ನು ಚಕ್ರದ ಕಡ್ಡಿಗಳೊಳಗೆ ಎಳೆದು ಮುರಿದೇ ಹಾಕುತ್ತದೆ. ಇಳಿದು ಅಂಚಿನಲ್ಲಿ ತಳ್ಳಿಕೊಂಡು ಹೋಗಿ. ಒಣ ಕಬ್ಬಿನ ತರಗಿಗೂ ಇದೇ ಮಾತು.

ಯಜಮಾನ್ರೇ, ನಿಮ್ಮ ಬದು ಶುರುವಾಗುವ ಕಡೆ ಎರಡು ಕಲ್ಲು ಅಡ್ಡ ಇಟ್ಟು "ಸೈಕಲ್ ಬೇಡ" ಅಂತ ಬರೆಸಿಬಿಡಿ. ಮುರಿದವರು ಸಿಕ್ಕಿದರೆ ಗುದ್ದಲಿ ಕೊಟ್ಟು ಕಟ್ಟಿಕೊಡಿ ಅನ್ನಿ, ಕಟ್ಟಿಕೊಡಲೇಬೇಕು.

ಮಳೆಗಾಲದಲ್ಲಿ ತುಳಿಯಬಹುದಾ? ಕೆಸರಾದ ಸೈಕಲ್ ವಾಟರ್ ಸರ್ವಿಸ್‌ಗೆ ಕೊಡಲಾ?
— ಓದುಗರು, ನಂಜನಗೂಡು

ಸಣ್ಣ ಮಳೆಗೆ ನಮ್ಮ ಕೆಂಪು ಮಣ್ಣು ಬೇಗ ಒಣಗುತ್ತದೆ, ತೊಂದರೆ ಇಲ್ಲ. ಎರೆ ಮಣ್ಣಿರುವ ಕಡೆ ಹೋಗಬೇಡಿ, ಟೈರಿಗೆ ಮೆತ್ತಿಕೊಂಡು ಚಕ್ರ ತಿರುಗುವುದೇ ಇಲ್ಲ. ಮೈಸೂರಿಗೆ ಮೇ ಮತ್ತು ಅಕ್ಟೋಬರ್‌ನಲ್ಲಿ ಮಳೆ ಜಾಸ್ತಿ, ಗುಡುಗು ಸಿಡಿಲಿನ ಮಳೆ, ಮಧ್ಯಾಹ್ನದ ಮೇಲೆ ಬಯಲಿಗೆ ಹೋಗುವುದು ಬಿಡಿ. ವಾಟರ್ ಸರ್ವಿಸ್ ಬೇಡ, ಜೋರು ನೀರು ಹಬ್, ಪೆಡಲ್ ಬೇರಿಂಗ್ ಒಳಗೆ ನುಗ್ಗಿ ಗ್ರೀಸು ತೊಳೆದು ಹಾಕುತ್ತದೆ. ಬಕೆಟ್ ನೀರು, ಹಳೇ ಬ್ರಷ್ ಸಾಕು. ಚೈನು ಒರೆಸಿ ಒಣಗಿದ ಮೇಲೆ ಎಣ್ಣೆ ಬಿಟ್ಟು, ಮೇಲಿನ ಎಣ್ಣೆಯನ್ನು ಮತ್ತೆ ಒರೆಸಿ. ಬ್ರೇಕಿನ ಡಿಸ್ಕ್ ಮೇಲೆ ಎಣ್ಣೆ ಒಂದು ಹನಿಯೂ ಬೀಳಬಾರದು.

ಮಂಡ್ಯದಿಂದ ಮೈಸೂರಿಗೆ ಎಕ್ಸ್‌ಪ್ರೆಸ್‌ವೇ ಮೇಲೆ ಸೈಕಲ್‌ನಲ್ಲಿ ಹೋಗಬಹುದಾ?
— ಓದುಗರು, ಮಂಡ್ಯ

ಇಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಜೊತೆ ಸೈಕಲ್‌ಗೂ ಮುಖ್ಯ ರಸ್ತೆಯಲ್ಲಿ ನಿಷೇಧ ಇದೆ. ಸರ್ವಿಸ್ ರಸ್ತೆಯಲ್ಲಿ ಹೋಗಬಹುದು. ಪಾಂಡವಪುರದ ಮೇಲೆ ಹಳ್ಳಿ ರಸ್ತೆ ಹಿಡಿದರೆ ದೂರ ಸ್ವಲ್ಪ ಜಾಸ್ತಿ, ಆದರೆ ಶ್ರೀರಂಗಪಟ್ಟಣದವರೆಗೆ ಲಾರಿಗಳ ಕಾಟ ಕಮ್ಮಿ.